ಮೆಸೊಥೆಲಿಯೋಮ: ಚಿಕಿತ್ಸೆಯ ದಾರಿಗಳು

ಮೆಸೊಥೆಲಿಯೋಮ ಶ್ವಾಸಕೋಶದ ಕ್ಯಾನ್ಸರ್ ಅಲ್ಲ, ಶ್ವಾಸಕೋಶವನ್ನು ಹೊದ್ದಿರುವ ತೆಳು ಪೊರೆಯ ಕ್ಯಾನ್ಸರ್. ಅಪರೂಪಕ್ಕೆ ಹೊಟ್ಟೆಯೊಳಗಿನ ಪೊರೆಗೂ ಬರುವುದುಂಟು. ಮುಖ್ಯ ಕಾರಣ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ ಧೂಳು. ಉಸಿರಿನೊಡನೆ ಒಳಹೊಕ್ಕ ಎಳೆ 20ರಿಂದ 50 ವರ್ಷ ಕಳೆದ ಮೇಲೆ ರೋಗವಾಗಿ ತಲೆಯೆತ್ತುತ್ತದೆ. ಹಾಗಾಗಿ ರೋಗಿಗಳಲ್ಲಿ ವಯಸ್ಸಾದವರೇ ಹೆಚ್ಚು. ಚಿಕಿತ್ಸೆ ನಿರ್ಧರಿಸುವಾಗ ಇದು ದೊಡ್ಡ ಸಂಗತಿ.

ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಏದುಸಿರಿಗೆ. ಪೊರೆಯ ಎರಡು ಪದರಗಳ ನಡುವೆ ನೀರು ತುಂಬಿ ಶ್ವಾಸಕೋಶವನ್ನು ಅದುಮುತ್ತದೆ. ನಾಲ್ಕು ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ನೀರು ತೆಗೆದರೆ ಉಸಿರು ಹಗುರಾಗುತ್ತದೆ, ಆದರೆ ನೀರು ಮತ್ತೆ ತುಂಬುತ್ತದೆ. ಅದಕ್ಕೇ ಶುದ್ಧೀಕರಿಸಿದ ಟಾಲ್ಕ್ ಪುಡಿಯನ್ನು ಒಳಗೆ ಬಿಡುತ್ತಾರೆ. ಪುಡಿ ಉರಿಯೂತ ತಂದು ಎರಡೂ ಪದರಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ನೀರಿಗೆ ಜಾಗವೇ ಉಳಿಯುವುದಿಲ್ಲ. ಇಲ್ಲವೇ ಎದೆಯಲ್ಲಿ ತೆಳು ಕೊಳವೆ ಇಟ್ಟು ಕಳಿಸುತ್ತಾರೆ. ಆಗಾಗ ಬಾಟಲಿಗೆ ನೀರಿಳಿಸುವುದನ್ನು ಮನೆಯವರೇ ಕಲಿತುಕೊಳ್ಳುತ್ತಾರೆ.

ಔಷಧದ ಆಯ್ಕೆ ಬಹುಮಟ್ಟಿಗೆ ಬಯಾಪ್ಸಿಯಲ್ಲಿ ಕಂಡ ಜೀವಕೋಶದ ಬಗೆಯ ಮೇಲೆ ನಿಂತಿದೆ. ಎಪಿಥೆಲಿಯಾಯ್ಡ್ ಬಗೆ ಚಿಕಿತ್ಸೆಗೆ ಒಂದಿಷ್ಟು ಬಗ್ಗುತ್ತದೆ; ಸಾರ್ಕೊಮಟಾಯ್ಡ್ ಬಗೆ ಕಿಮೋಥೆರಪಿಗೆ ಸುಲಭವಾಗಿ ಮಣಿಯುವುದಿಲ್ಲ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರ ಸರಾಸರಿ ಬದುಕು ಸುಮಾರು 9 ತಿಂಗಳು, ಜೊತೆಗೆ ಪೆಮೆಟ್ರೆಕ್ಸೆಡ್ ಪಡೆದವರದು 12 ತಿಂಗಳು. ಆರಂಭದಲ್ಲಿ ಈ ಜೋಡಿಯ ಅಡ್ಡಪರಿಣಾಮ ವಿಪರೀತವಿತ್ತು. ಅದನ್ನು ತಗ್ಗಿಸಿದ್ದು ದುಬಾರಿ ಮದ್ದೇನಲ್ಲ, ಫೋಲಿಕ್ ಆಮ್ಲದ ಮಾತ್ರೆ ಮತ್ತು ಬಿ12 ಇಂಜೆಕ್ಷನ್. ಮುಂದೆ ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಮ್ಯುನೋಥೆರಪಿ ಜೋಡಿ ಬಂತು. ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಇದರ ಪ್ರಯೋಗದಲ್ಲಿ ಕಿಮೋಥೆರಪಿ ಪಡೆದವರ ಸರಾಸರಿ ಬದುಕು 14 ತಿಂಗಳು, ಈ ಜೋಡಿ ಪಡೆದವರದು 18. ಸಾರ್ಕೊಮಟಾಯ್ಡ್‌ನಂಥ ಹಟಮಾರಿ ಬಗೆಗಳಲ್ಲೇ ಲಾಭ ಎದ್ದು ಕಂಡಿತು.

ಶಸ್ತ್ರಚಿಕಿತ್ಸೆಯ ಮೇಲಿದ್ದ ನಂಬಿಕೆ ಮಾತ್ರ ಕುಗ್ಗಿದೆ. ಹಿಂದೆ ಪೊರೆಯೊಡನೆ ಇಡೀ ಶ್ವಾಸಕೋಶವನ್ನೇ ತೆಗೆಯುತ್ತಿದ್ದರು. ಆಮೇಲೆ ಶ್ವಾಸಕೋಶ ಉಳಿಸಿ ಪೊರೆಯನ್ನಷ್ಟೇ ಸುಲಿದು ತೆಗೆಯುವ ಪದ್ಧತಿ ಬಂತು. ಬ್ರಿಟನ್ನಿನ ಮಾರ್ಸ್-2 ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು: ಕಿಮೋಥೆರಪಿಗೆ ಈ ಶಸ್ತ್ರಚಿಕಿತ್ಸೆಯನ್ನು ಸೇರಿಸಿದಾಗ ಆಯುಷ್ಯ ಹೆಚ್ಚಲಿಲ್ಲ, ತೊಂದರೆಗಳು ಹೆಚ್ಚಿದವು. ಹೊಟ್ಟೆಯ ಮೆಸೊಥೆಲಿಯೋಮದ ಮಾತು ಬೇರೆ. ಅಲ್ಲಿ ಗಡ್ಡೆಗಳನ್ನು ಆದಷ್ಟೂ ಕೆರೆದು ತೆಗೆದು, ಬಿಸಿ ಮಾಡಿದ ಕಿಮೋ ದ್ರಾವಣವನ್ನು ಹೊಟ್ಟೆಯೊಳಗೇ ಹರಿಸುತ್ತಾರೆ. ಈ ಚಿಕಿತ್ಸೆಗೆ ತಕ್ಕವರಲ್ಲಿ ಹಲವರು ವರ್ಷಗಟ್ಟಲೆ ಬದುಕಿದ್ದಾರೆ.

ವಿಕಿರಣ ಚಿಕಿತ್ಸೆಯನ್ನು ಹೆಚ್ಚಾಗಿ ಬಳಸುವುದು ಒಂದೆಡೆ ನೆಲೆಸಿದ ನೋವನ್ನು ತಗ್ಗಿಸಲು. ರೋಗವನ್ನು ಬುಡಸಮೇತ ಕೀಳುವ ಮದ್ದು ಇನ್ನೂ ಬಂದಿಲ್ಲ. ಆದ್ದರಿಂದ ನೋವು ಮತ್ತು ಉಸಿರಾಟದ ಆರೈಕೆಯನ್ನು ಕೊನೆಯ ದಿನಗಳಿಗೆಂದು ಎತ್ತಿಡದೆ, ರೋಗ ಪತ್ತೆಯಾದ ವಾರದಿಂದಲೇ ಆರಂಭಿಸಬೇಕು.