ಹೋಗುವವರು, ಕಳಿಸುವವರು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)





ಹೊರದೇಶಕ್ಕೆ ಹೋಗುವುದರ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘದವರು ಕೇಳಿದ್ದಾರೆ. ಹೊರದೇಶವೆಂದರೆ ನಮ್ಮ ಭಾಗದಲ್ಲಿ ಮೊದಲು ನೆನಪಾಗುವುದು ಸೌದಿ, ದುಬೈ. ಒಬ್ಬನೇ ಹೋಗುತ್ತಾನೆ, ದುಡಿಯುತ್ತಾನೆ, ಮನೆಗೆ ಹಣ ಕಳಿಸುತ್ತಾನೆ. ಇಂದು ನಾನು ಬೇರೆಯೇ ಒಂದು ಪ್ರಯಾಣದ ಕಥೆ ಹೇಳುತ್ತೇನೆ. ಎಂಬತ್ತು, ತೊಂಬತ್ತು ಜನ ಒಟ್ಟಿಗೆ ಹೊರಟು ಊರೂರು ಸುತ್ತುವ ಸಿಂಫನಿ ಆರ್ಕೆಸ್ಟ್ರಾದ ಪ್ರಯಾಣ ಅದು. ಸಂಗೀತದ ಬಗ್ಗೆ ನಮ್ಮ ಹಿರಿಯರಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ. ಆ ಪ್ರಯಾಣದಿಂದ ವಿದ್ಯಾರ್ಥಿಗಳು ಕಲಿಯಬೇಕಾದದ್ದಿದೆ, ಅಷ್ಟನ್ನು ನೋಡೋಣ.

ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಮದುವೆಯಲ್ಲಿ, ಉತ್ಸವಗಳಲ್ಲಿ ಸಿನಿಮಾ ಹಾಡು ಹಾಡುವ ತಂಡ. ಸಿಂಫನಿ ಆರ್ಕೆಸ್ಟ್ರಾ ಹಾಗಲ್ಲ. ಅಲ್ಲಿ ಪಿಟೀಲು ನುಡಿಸುವವರೇ ಇಪ್ಪತ್ತು, ಮೂವತ್ತು ಜನ. ಕೊಳಲು, ಕಹಳೆಗಳ ಜೊತೆ ಟಿಂಪನಿ ಎಂಬ ದೊಡ್ಡ ನಗಾರಿಯೂ ಇರುತ್ತದೆ. ಆ ನಗಾರಿಯ ಪೂರ್ವಜ ಅರಬರ, ತುರ್ಕರ ನಕ್ಕಾರಾ. ಪ್ರವಾಸ ಹೊರಟರೆ ಇಷ್ಟು ಜನರ ಪಾಸ್‌ಪೋರ್ಟು, ವೀಸಾ ನೋಡಬೇಕು. ವಾದ್ಯಗಳಿಗೂ ಸುಂಕದ ಕಾಗದಪತ್ರ ಬೇಕು. ಮರದ ವಾದ್ಯಕ್ಕೆ ಚಳಿ, ಸೆಕೆ ತಾಗಬಾರದು. ಚೆಲ್ಲೋ ಎಂಬ ವಾದ್ಯಕ್ಕೆ ಎಷ್ಟೋ ಸಲ ವಿಮಾನದಲ್ಲಿ ಪ್ರತ್ಯೇಕ ಸೀಟು ಕೊಳ್ಳುತ್ತಾರೆ. ಪ್ರತಿ ಊರಿನ ಸಭಾಂಗಣದಲ್ಲೂ ದನಿ ಬೇರೆ ರೀತಿ ಕೇಳುವುದರಿಂದ, ಬಂದಿಳಿದು ಆಯಾಸ ಆರುವ ಮೊದಲೇ ಅಭ್ಯಾಸಕ್ಕೆ ಕೂಡಬೇಕು.

ನಮ್ಮ ಕರ್ನಾಟಕಕ್ಕೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ದೊಡ್ಡದೇ ಇದೆ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಚಿಕ್ಕಂದಿನಲ್ಲಿ ಪಿಯಾನೋ ಕಲಿತವರು. ಅದರಲ್ಲೇ ಮುಂದುವರಿಯುವ ಆಸೆ ಅವರಿಗಿತ್ತು. ಆದರೆ 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೆ ಪಟ್ಟ ಬಂತು, ಪಿಯಾನೋದ ಕನಸು ನಿಂತಿತು.

ತಮಗೆ ಸಾಧ್ಯವಾಗದ್ದನ್ನು ಅವರು ಬೇರೆಯವರಿಗೆ ಸಾಧ್ಯವಾಗಿಸಿದರು. ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬವರು 1945ರಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದ್ದರು. ಕಲೆ ಇತ್ತು, ಹಣವಿರಲಿಲ್ಲ. ಮಹಾರಾಜರು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರೆಂದು ಲೆಗ್ ಬರೆದಿಟ್ಟಿದ್ದಾರೆ. ಅದರ ಕಛೇರಿ ಸಂಸ್ಥೆಗೆ ಮಹಾರಾಜರೇ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದವು. ನುಡಿಸಿದ್ದು ಇದೇ ತಂಡ, ಖರ್ಚಿಗೆ ಹೊಣೆ ನಿಂತದ್ದು ಮೈಸೂರು. ಮಹಾರಾಜರು ಅಲ್ಲಿರಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬಂತು, ಇಲ್ಲಿ ಕೇಳಿದರು.

1952ರಲ್ಲಿ ಆ ತಂಡ ಆಸ್ಟ್ರಿಯಾದ ಕರಯಾನ್ ಅವರ ನಿರ್ದೇಶನದಲ್ಲಿ ಯುರೋಪ್ ಪ್ರವಾಸ ಹೊರಟಿತು. ಪ್ಯಾರಿಸ್, ಮಿಲಾನ್, ವಿಯೆನ್ನಾ, ಬರ್ಲಿನ್‌ಗಳಲ್ಲಿ ನುಡಿಸಿತು. ಯುದ್ಧ ಮುಗಿದು ಏಳೇ ವರ್ಷ. ಒಬ್ಬರ ಮೇಲೊಬ್ಬರು ಬಾಂಬು ಸುರಿದಿದ್ದ ಊರುಗಳವು. 1955ರಲ್ಲಿ ಅಮೆರಿಕಕ್ಕೂ ಹೋಯಿತು. ಮರುವರ್ಷ ನವೆಂಬರ್ 1ರಂದು ಹೈದರಾಬಾದಿನಿಂದ ಬಿಡಿಸಿಕೊಂಡ ನಮ್ಮ ರಾಯಚೂರು ಮೈಸೂರು ರಾಜ್ಯ ಸೇರಿತು. ಅಂದು ನಮಗೆ ರಾಜ್ಯಪಾಲರಾದವರು ಇದೇ ಜಯಚಾಮರಾಜ ಒಡೆಯರ್.

ಅದು ಪ್ರಜೆಗಳ ಹಣವಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ಬೇಡವೆನ್ನುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ನಮ್ಮ ಸಂಘಕ್ಕೂ ಅದೇ ಪ್ರಶ್ನೆಯಿದೆ. ನಮ್ಮಲ್ಲಿ ಮಹಾರಾಜರಿಲ್ಲ. ಹಣ್ಣಿನ ಬಂಡಿಯವರು, ದರ್ಜಿಗಳು, ಗ್ಯಾರೇಜಿನಲ್ಲಿ ದುಡಿಯುವವರು ಕೊಟ್ಟ ಝಕಾತ್ ಮತ್ತು ದೇಣಿಗೆಯಿಂದ ವಿದ್ಯಾರ್ಥಿವೇತನ ನಡೆಯುತ್ತದೆ. ಪೈಸೆ ಪೈಸೆಗೂ ಲೆಕ್ಕ ಕೊಡುವುದು ಪದಾಧಿಕಾರಿಗಳ ಹೊಣೆ. ಓದಿ ತೋರಿಸುವುದು ವಿದ್ಯಾರ್ಥಿಗಳೇ, ನಿಮ್ಮ ಹೊಣೆ.

ನಮ್ಮ ದೇಶದ ತಂಡವೂ ಹೀಗೆ ಹೋಗಿದೆ. 2006ರಲ್ಲಿ ಮುಂಬೈಯಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2019ರ ಫೆಬ್ರವರಿಯಲ್ಲಿ ಬ್ರಿಟನ್ ಪ್ರವಾಸ ಮಾಡಿತು. ಜೊತೆಗೆ ಹೋದವರು ಉಸ್ತಾದ್ ಝಾಕಿರ್ ಹುಸೇನ್. ಆರ್ಕೆಸ್ಟ್ರಾದೊಡನೆ ತಬಲಾ ನುಡಿಸಲೆಂದೇ ಅವರು 'ಪೇಶ್ಕಾರ್' ಎಂಬ ರಚನೆ ಮಾಡಿದ್ದರು. ತಂದೆ ಉಸ್ತಾದ್ ಅಲ್ಲಾ ರಖಾ ಅವರಿಂದ ಕಲಿತ ವಿದ್ಯೆಯನ್ನು ಬಿಡದೆ, ಬರೆದಿಟ್ಟ ಸ್ವರಲಿಪಿ ನೋಡಿ ನುಡಿಸುವವರ ನಡುವೆ ಕೂತು ಅವರು ಎಲ್ಲರೊಂದಿಗೆ ಹೊಂದಿಕೊಂಡರು. 2024ರ ಡಿಸೆಂಬರಿನಲ್ಲಿ ಅವರು ನಮ್ಮನ್ನಗಲಿದರು. ತನ್ನತನ ಬಿಡದೆ ಹತ್ತು ಜನರೊಡನೆ ದುಡಿಯುವುದು ಹೇಗೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲನೆಯದು ಕಾಗದಪತ್ರ. ನಮ್ಮ ಎಷ್ಟೋ ಮನೆಗಳಲ್ಲಿ ಶಾಲೆಯ ದಾಖಲೆಯಲ್ಲಿ 'ಶೇಕ್', ಆಧಾರ್‌ನಲ್ಲಿ 'ಷೇಖ್'. ಒಂದರಲ್ಲಿ ತಂದೆಯ ಹೆಸರು ಮುಂದೆ, ಇನ್ನೊಂದರಲ್ಲಿ ಹಿಂದೆ. ಹುಟ್ಟಿದ ದಿನವೂ ಬೇರೆ ಬೇರೆ. ಅಂಕ ತೊಂಬತ್ತು ಬಂದರೂ ಒಂದಕ್ಷರದಿಂದ ಪಾಸ್‌ಪೋರ್ಟು ತಡವಾಗುತ್ತದೆ, ಸೀಟು ಕೈತಪ್ಪುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಎಲ್ಲ ದಾಖಲೆಗಳನ್ನೂ ಒಟ್ಟಿಗಿಟ್ಟು ಹೆಸರು ತಾಳೆ ನೋಡಿರಿ.

ಎರಡನೆಯದು ಇದಕ್ಕಿಂತ ದೊಡ್ಡದು. ಆರ್ಕೆಸ್ಟ್ರಾದಲ್ಲಿ ಇಬ್ಬರು ಪಿಟೀಲುಗಾರರಿಗೆ ಒಂದೇ ಸ್ಟ್ಯಾಂಡು, ಒಂದೇ ಪುಸ್ತಕ. ಪುಟ ಮುಗಿದಾಗ ಒಬ್ಬರು ತಮ್ಮ ನುಡಿಸಾಣಿಕೆ ನಿಲ್ಲಿಸಿ ಹಾಳೆ ತಿರುವುತ್ತಾರೆ. ಇನ್ನೊಬ್ಬರು ನಿಲ್ಲಿಸದೆ ನುಡಿಸುತ್ತಾರೆ. ಹಾಳೆ ತಿರುವಿದವರು ಕೂಡಲೇ ಮತ್ತೆ ಪಿಟೀಲು ಎತ್ತಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲೂ ತಮ್ಮನ ಓದು ನಿಲ್ಲಬಾರದೆಂದು ಆಪಾ ಶಾಲೆ ಬಿಟ್ಟು ಹಾಳೆ ತಿರುವಿದ್ದಾಳೆ. ಆದರೆ ಆಕೆಯ ಕೈಗೆ ಪುಸ್ತಕವನ್ನು ಮತ್ತೆ ಕೊಟ್ಟವರು ಎಷ್ಟು ಜನ? ಪಾಲಕರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಯರಗೇರಾದಲ್ಲೇ ವಿಶ್ವವಿದ್ಯಾಲಯವಿದೆ. ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರದಲ್ಲಿ ವಿದ್ಯೆ ಇರುವಾಗ ಹೆಣ್ಣುಮಕ್ಕಳನ್ನು ಪಿಯುಸಿಗೇ ನಿಲ್ಲಿಸಬೇಡಿರಿ.

ಮನುಷ್ಯ ಸತ್ತ ಮೇಲೂ ಫಲ ಕೊಡುತ್ತಲೇ ಇರುವ ಮೂರು ವಿಷಯಗಳನ್ನು ಪ್ರವಾದಿವರ್ಯರು (ಸ) ಹೇಳಿದ್ದಾರೆ. ಸದಕಾ ಜಾರಿಯಾ, ಉಪಯೋಗಕ್ಕೆ ಬರುವ ವಿದ್ಯೆ, ದುಆ ಮಾಡುವ ಒಳ್ಳೆಯ ಸಂತಾನ. ಒಂದು ಮಗುವನ್ನು ಓದಿಸಿದರೆ ಸದಕಾ ಜಾರಿಯಾವೂ ಉಪಯೋಗಕ್ಕೆ ಬರುವ ವಿದ್ಯೆಯೂ ಅಲ್ಲೇ ಕೂಡುತ್ತವೆ.

ವಿದ್ಯಾರ್ಥಿಗಳೇ, ನಾಳೆ ನೀವು ಬೆಂಗಳೂರಿಗೋ ಬರ್ಲಿನ್ನಿಗೋ ಹೋದಾಗ ನಿಮ್ಮ ಜೊತೆ ಹೋಗಲಾಗದೆ ಇಲ್ಲೇ ಉಳಿದು ನಿಮ್ಮನ್ನು ಕಳಿಸಿದವರನ್ನು ನೆನೆಯಿರಿ. ಆ ಋಣ ತೀರಿಸುವ ದಾರಿ ಒಂದೇ: ಮುಂದೊಂದು ದಿನ ನೀವೂ ಒಬ್ಬರನ್ನು ಕಳಿಸಿಕೊಡಿರಿ. ಅಲ್ಲಾಹನು ನಮಗೆಲ್ಲರಿಗೂ ಆ ಶಕ್ತಿ ಕೊಡಲಿ, ಆಮೀನ್.