ಬೆಟ್ಟ ಹತ್ತುವ ಮುನ್ನ ಹೊಲ



ದೊಡ್ಡಬಳ್ಳಾಪುರದ ಮಾಕಳಿದುರ್ಗಕ್ಕೆ ರಜಾದಿನಗಳಲ್ಲಿ ಬರುವವರು ಬೆಟ್ಟ ಹತ್ತಿ, ಫೋಟೊ ತೆಗೆದುಕೊಂಡು, ಬಂದ ದಾರಿಯಲ್ಲೇ ಬೆಂಗಳೂರಿಗೆ ಮರಳುತ್ತಾರೆ. ಸುಮಾರು 1,100 ಮೀಟರ್ ಎತ್ತರದ ಬೆಟ್ಟ, ನೆತ್ತಿಯಲ್ಲಿ ಹಳೆಯ ಕೋಟೆ, ಶಿವನ ಗುಡಿ, ಸುತ್ತಲೂ ಅರಣ್ಯ ಇಲಾಖೆ ಕಾಯುವ ಕುರುಚಲು ಕಾಡು. ನೋಡಬೇಕಾದದ್ದೇ. ಆದರೆ ಬುಡದ ರಾಗಿ ಹೊಲಗಳನ್ನು ಕಾಣದೆ ಹೋದವರು ಅರ್ಧ ಬೆಟ್ಟವನ್ನಷ್ಟೇ ನೋಡಿದ್ದಾರೆ ಎಂದು ನಾನು ನಂಬಿದ್ದೇನೆ.

ಈ ಸೀಮೆಯ ಹೊಲದಲ್ಲಿ ರಾಗಿ ಒಂದೇ ಇರುವುದಿಲ್ಲ. ಬಿತ್ತುವಾಗ ಕೂರಿಗೆಯ ಹಿಂದೆ ಸಡ್ಡೆ ಎಂಬ ಬಿತ್ತನೆ ಕೊಳವೆ ಕಟ್ಟಿ, ಕೆಲವು ಸಾಲು ರಾಗಿಗೊಂದು ಅಕ್ಕಡಿ ಸಾಲು ಬಿಡುತ್ತಾರೆ. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ಬೇರು ಆಳಕ್ಕಿಳಿದ ತೊಗರಿ ತಡೆದುಕೊಳ್ಳುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಮುತ್ತುತ್ತದೆ. ರಾಗಿ ಕೊಯ್ಲಾದ ಮೇಲೂ ಅವರೆ ಹೊಲದಲ್ಲೇ ನಿಂತು, ಇಬ್ಬನಿ ಕುಡಿದು ಸೊಗಡು ಕಟ್ಟುತ್ತದೆ. ಮನೆಗೆ ಹಿಟ್ಟು, ಬೇಳೆ, ಎಣ್ಣೆ, ದನಕ್ಕೆ ಹುಲ್ಲು, ಎಲ್ಲವೂ ಒಂದೇ ಹೊಲದಿಂದ. ಆ ಹುಲ್ಲು ತಿಂದ ಹಳ್ಳಿಕಾರ್ ಹೋರಿಗಳೇ ಪಕ್ಕದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವುದು.

ಇಂಥ ಹೊಲಗಳು ಕಡಿಮೆಯಾಗಿವೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬಂತು. ಆಳು ಸಿಗದ, ಮಕ್ಕಳು ಫ್ಯಾಕ್ಟರಿ ಕೆಲಸಕ್ಕೆ ಹೋದ ಮನೆಗಳು ಹೊಲಕ್ಕೆ ಸಸಿ ನೆಟ್ಟು ಸುಮ್ಮನಾದವು. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಬೇಸಾಯ ಕೈಹಿಡಿಯದಾಗ ರೈತ ಇನ್ನೇನು ಮಾಡಬೇಕಿತ್ತು? 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡ ಮತ್ತೆ ಚಿಗುರುತ್ತದೆ. ಜೆಸಿಬಿ ತರಿಸಿ ಬೇರುಸಮೇತ ಕೀಳಿಸುವ ಖರ್ಚು ಸಣ್ಣ ರೈತನಿಗೆ ಹೊರೆ.

ನೀರಿನ ಕಥೆಯೂ ಈ ಹೊಲಗಳ ಕಥೆಗೇ ಹೊಂದಿಕೊಂಡಿದೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿ ಇದೇ ತಾಲ್ಲೂಕಿನ ಕೆರೆಗಳನ್ನು ಒಂದೊಂದಾಗಿ ತುಂಬಿಸಿ ಹೆಸರಘಟ್ಟ ಕೆರೆಗೆ ಹರಿಯುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಬಂದದ್ದು ಆ ಕೆರೆಯಿಂದ. ರಾಜಕಾಲುವೆಗಳ ಒತ್ತುವರಿ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು, ನೀಲಗಿರಿ ತೋಪುಗಳು, ಎಲ್ಲ ಸೇರಿ ಆ ಹರಿವನ್ನು ಬತ್ತಿಸಿದವು. ಬೆಟ್ಟಕ್ಕೆ ಬೇಲಿ ಹಾಕಿ ಉಳಿಸಿದ್ದೇವೆ. ಬೆಟ್ಟದ ನೀರು ಇಳಿಯುವ ಹಳ್ಳ, ಅದನ್ನು ಹಿಡಿಯುವ ಕೆರೆ, ಇಂಗಿಸುವ ಹೊಲಕ್ಕೆ ಅಂಥ ಕಾವಲಿಲ್ಲ. ಇದು ನನ್ನನ್ನು ತುಂಬ ಕಾಡುತ್ತದೆ.

ಹೋಗುವವರು ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹತ್ತಿ. ಬೆಟ್ಟದ ಬುಡದ ರೈಲು ಹಳಿಯ ಮೇಲೆ ನಡೆಯಬೇಡಿ, ತಿರುವಿನಲ್ಲಿ ಬರುವ ರೈಲು ಕಾಣುವುದಿಲ್ಲ. ಇಳಿದ ಮೇಲೆ ಒಂದು ಗಂಟೆ ಊರೊಳಗೆ ನಡೆದಾಡಿ. ಕಣದಲ್ಲಿ ಮೆದೆ ಒಟ್ಟುತ್ತಿದ್ದರೆ ನಿಂತು ಮಾತಾಡಿಸಿ, ಯಾವ ಸಾಲಿಗೆ ಏನು ಹಾಕಿದ್ದಿರಿ ಎಂದು ಕೇಳಿ. ಹೊಲದ ಅವರೆಕಾಯಿಯನ್ನು ಮಾತ್ರ ಕೇಳದೆ ಕೀಳಬೇಡಿ, ದುಡ್ಡು ಕೊಟ್ಟು ಕೊಳ್ಳಿ.