ಇರಲಿ, ಬೇಕಾಗುತ್ತೆ

(ಪದವಿ ಪ್ರದಾನ ಸಮಾರಂಭದಲ್ಲಿ ಆಡಿದ ಮಾತುಗಳ ಬರಹರೂಪ)



ಬೇ ಏರಿಯಾದಲ್ಲಿ ನಮ್ಮವರ ಮನೆ ಗುರುತಿಸುವುದು ಕಷ್ಟವಲ್ಲ. ಗ್ಯಾರೇಜ್ ಇದೆ, ಕಾರು ಮಾತ್ರ ಹೊರಗೆ ನಿಂತಿರುತ್ತದೆ. ಒಳಗೆ ಟಿ.ವಿ. ಬಂದ ರಟ್ಟಿನ ಪೆಟ್ಟಿಗೆ, ಯಾವ ಫೋನಿಗೂ ಕೂಡದ ಚಾರ್ಜರ್, ಕಾಸ್ಟ್‌ಕೊ ಗೋಡಂಬಿಯ ಖಾಲಿ ಡಬ್ಬಿಗಳು. ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿ ತೆರೆದರೆ ಹುಳಿ, ಐಸ್‌ಕ್ರೀಂ ಡಬ್ಬಿ ತೆರೆದರೆ ಕರಿಬೇವು. ಎಸೆಯೋಣವಾ ಅಂತ ಮಕ್ಕಳು ಕೇಳಿದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ಇರಲಿ, ಬೇಕಾಗುತ್ತೆ."

ಆ ಚಾರ್ಜರ್ ಖಂಡಿತ ಬೇಕಾಗುವುದಿಲ್ಲ, ಅದನ್ನು ಈ ವಾರವೇ ಸಾಗಹಾಕಿ. ಆದರೆ ಈ ಮಾತಿನ ಹಿಂದೆ ನಮ್ಮ ಹೆಂಗಸರ ಒಂದು ಹಳೆಯ ಜಾಣತನವಿದೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಕೌದಿ ಗೊತ್ತು. ಹರಿದ ಸೀರೆ, ಸವೆದ ಧೋತರ, ಮಕ್ಕಳಿಗೆ ಚಿಕ್ಕದಾದ ಅಂಗಿ, ಒಂದನ್ನೂ ಬಿಸಾಡದೆ ಗಂಟು ಕಟ್ಟಿಟ್ಟು, ಬಿಡುವಾದಾಗ ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿಯುವ ಹೊದಿಕೆ ಅದು. ಕೌದಿಗೆ ಹಳೆಯ ಬಟ್ಟೆಯೇ ಬೇಕು. ಹತ್ತಾರು ವರ್ಷ ಒಗೆದೂ ಒಗೆದೂ ಮೆತ್ತಗಾದ ಸೀರೆಯ ಹಿತ ಅಂಗಡಿಯ ಹೊಸ ಬಟ್ಟೆಗೆ ಬಾರದು. ಅದಕ್ಕೇ ಎಳೆ ಕೂಸನ್ನು ಮಲಗಿಸುವುದು ಕೌದಿಯ ಮೇಲೆ. ಹಾಗಂತ ಗಂಟಿನಲ್ಲಿದ್ದದ್ದೆಲ್ಲ ಕೌದಿಗೆ ಹೋಗುವುದಿಲ್ಲ. ಎಳೆದರೆ ಪಿಸಿಯುವ ಬಟ್ಟೆಯನ್ನು ಹೊಲಿಯುವವರೇ ಪಕ್ಕಕ್ಕಿಡುತ್ತಾರೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಸಮುದಾಯದವರಿದ್ದಾರೆ. ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ ವಂಶದವರು. ಅಲ್ಲಿನ ಹೆಂಗಸರು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಒಂದು ಮೂಲೆಯಿಂದ ಶುರುಮಾಡಿ, ಅಂಚು ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ‘ಫುಲ’ ಎಂಬ ಪುಟ್ಟ ಮಡಿಕೆಯ ತುಂಡುಗಳನ್ನು ಇಡುತ್ತಾರೆ. ಫುಲ ಇಲ್ಲದ ಕವಂದಿ ಬತ್ತಲೆ ಇದ್ದ ಹಾಗೆ ಎಂಬುದು ಅವರ ಮಾತು. ಈ ಕವಂದಿಗಳು 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮ್ಯೂಸಿಯಂ ಆಫ್ ದಿ ಆಫ್ರಿಕನ್ ಡಯಾಸ್ಪೊರದ ಗೋಡೆಗಳ ಮೇಲೆ ಪ್ರದರ್ಶನಗೊಂಡವು. ಯಲ್ಲಾಪುರದ ಚಿಂದಿ ನೋಡಲು ಈ ಊರಿನ ಜನ ಟಿಕೆಟ್ ತೆಗೆದುಕೊಂಡರು!

ಇಲ್ಲಿಯದೇ ಇನ್ನೊಬ್ಬರನ್ನು ಹೇಳಬೇಕು. ರಿಚ್ಮಂಡಿನಲ್ಲಿ ಎಫೀ ಮೇ ಹೊವಾರ್ಡ್ ಎಂಬಾಕೆ ಇದ್ದರು. 1936ರಲ್ಲಿ ಅರ್ಕನ್ಸಾದ ಬಡ ಕುಟುಂಬದಲ್ಲಿ ಹುಟ್ಟಿ, ಅಮ್ಮ ಕ್ವಿಲ್ಟ್ ಹೊಲಿಯುವಾಗ ಪಕ್ಕದಲ್ಲಿ ಕೂತು ತುಂಡು ಜೋಡಿಸಲು ಕಲಿತವರು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದು ರೋಗಿಗಳ ಆರೈಕೆಯ ಕೆಲಸಕ್ಕೆ ಸೇರಿದರು. ಮತ್ತೆ ಮನಸ್ಸಿಟ್ಟು ಸೂಜಿ ಹಿಡಿದಾಗ ನಲವತ್ತು ದಾಟಿತ್ತು. ತಮ್ಮ ಹೆಸರು ಹೊರಗೆ ಬರಬಾರದೆಂದು ರೋಸಿ ಲೀ ಟಾಂಪ್ಕಿನ್ಸ್ ಎಂಬ ಹೆಸರಿಟ್ಟುಕೊಂಡರು. ಅವರ ಕ್ವಿಲ್ಟ್‌ಗಳ ದೊಡ್ಡ ಪ್ರದರ್ಶನ 2020ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಶುರುವಾಯಿತು. ನೋಡಲು ಆಕೆ ಇರಲಿಲ್ಲ, 2006ರಲ್ಲೇ ತೀರಿಕೊಂಡಿದ್ದರು. ಅಮ್ಮನ ಪಕ್ಕ ಕೂತು ಕಲಿತದ್ದು ಅಷ್ಟು ವರ್ಷ ಎಲ್ಲಿತ್ತು ಎಂದು ನಾನು ಆಗಾಗ ಯೋಚಿಸುತ್ತೇನೆ.

ಪದವಿ ಸಮಾರಂಭದಲ್ಲಿ ಇಷ್ಟು ಬಟ್ಟೆ ಪುರಾಣ ಯಾಕೆ ಅಂತ ನಿಮಗನ್ನಿಸಿರಬಹುದು. ನಮ್ಮ ಶಾಲೆಯ ಬಾಗಿಲಲ್ಲಿ ಪೋಷಕರು ಹೇಳುವ ಮಾತುಗಳಿಂದಾಗಿಯೇ ಇದೆಲ್ಲ ಹೇಳಬೇಕಾಯಿತು. "ಅರ್ಥ ಆಗುತ್ತೆ ಮೇಡಂ, ಆದರೆ ಉತ್ತರ ಇಂಗ್ಲಿಷಲ್ಲೇ." "ಇಷ್ಟು ವರ್ಷ ಕರೆದುಕೊಂಡು ಬಂದೆವು, ಅಜ್ಜಿ ಜತೆ ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಮುಂದೆ ಹೋಗಲ್ಲ." ಹೇಳುವಾಗ ನಗುತ್ತಾರೆ, ಒಳಗೆ ನೋವಿರುತ್ತದೆ. ವಾರಾಂತ್ಯಗಳು ವ್ಯರ್ಥವಾದವೇನೋ ಎಂಬ ಸಂಶಯವೂ ಇರುತ್ತದೆ.

ನಿಮ್ಮ ಮಕ್ಕಳ ಬಳಿ ಇರುವುದು ತುಂಡುಗಳೇ. ಅರ್ಧ ಮಗ್ಗಿ, ಒಂದು ಒಗಟು, ಒತ್ತಕ್ಷರ ತಪ್ಪಿದ ನಾಲ್ಕು ಸಾಲು, ಅಪ್ಪ ಸಿಟ್ಟಿಗೆದ್ದಾಗ ಬರುವ ಎರಡು ಬೈಗುಳ (ಇವುಗಳ ಉಚ್ಚಾರಣೆ ಮಾತ್ರ ಸ್ಪಷ್ಟ). ನಾವು ಕೇಳುವುದು ಇಡೀ ಸೀರೆ. ವಾರಕ್ಕೊಂದು ತರಗತಿಯಲ್ಲಿ ಸೀರೆ ನೇಯಲು ಯಾರಿಂದಲೂ ಆಗದು. ಶಿಕ್ಷಕರಾದ ನಮಗೂ ಇದು ಅನ್ವಯಿಸುತ್ತದೆ. ಪಠ್ಯದ ಕನ್ನಡ ಹೊಸ ಬಟ್ಟೆ, ಗಂಜಿ ಹಾಕಿದ್ದು. ಅಡುಗೆಮನೆಯಲ್ಲಿ ನೂರು ಸಲ ಕೇಳಿ ಮೆತ್ತಗಾದ "ಸ್ವಲ್ಪ ಆ ಕಡೆ ಜರುಗು" ಮಗುವಿಗೆ ಹೆಚ್ಚು ಹತ್ತಿರ.

ಈ ತುಂಡುಗಳು ಬಳಸದೆ ಇದ್ದುದರಿಂದಲೇ ಹಾಳಾಗುತ್ತವೆ ಎಂದು ನನಗನ್ನಿಸುವುದಿಲ್ಲ. ಮನೆಗೆ ನೆಂಟರು ಬಂದಿರುತ್ತಾರೆ, ಮಗು "ನಾನು ನಿನ್ನೆ ಬಂತು" ಎನ್ನುತ್ತದೆ. ಎಲ್ಲರೂ ನಗುತ್ತಾರೆ. ಇನ್ನೊಮ್ಮೆ ಹೇಳಿಸಿ ವೀಡಿಯೊ ಮಾಡಿ ಊರಿನ ಗ್ರೂಪಿಗೂ ಕಳಿಸುತ್ತಾರೆ. ಎಲ್ಲರದೂ ಪ್ರೀತಿಯ ನಗುವೇ. ಆದರೆ ಹತ್ತು ವರ್ಷದ ಮಗುವಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಆ ತುಂಡನ್ನು ಮಡಿಸಿ ಒಳಗಿಡುತ್ತದೆ, ಮತ್ತೆ ತೆಗೆಯುವುದಿಲ್ಲ. "ಹೌದಾ, ನಿನ್ನೆ ಬಂದೆಯಾ? ಎಷ್ಟು ಹೊತ್ತಿಗೆ?" ಎಂದು ಮಾತು ಮುಂದುವರಿಸಿ ನೋಡಿ. ತಿದ್ದಿದಂತೆಯೂ ಆಯಿತು, ಮಾತೂ ನಿಲ್ಲಲಿಲ್ಲ. ಇಲ್ಲಿ ಕೂತಿರುವ ಅಜ್ಜಿಯರಿಗೆ ಇದನ್ನು ಕಲಿಸಬೇಕಾಗಿಲ್ಲ, ಅವರು ಮಾಡುವುದೇ ಹೀಗೆ.

ಇನ್ನೊಂದು ಕೋರಿಕೆ. ಬೇಸಿಗೆ ರಜೆಯಲ್ಲಿ ಮನೆ ಚೊಕ್ಕ ಮಾಡುವಾಗ ಮೊದಲು ನೀಲಿ ಡಬ್ಬಿಗೆ ಹೋಗುವುದು ಕನ್ನಡದ ಅಭ್ಯಾಸ ಪುಸ್ತಕಗಳು. ಕೋರ್ಸ್ ಮುಗಿಯಿತಲ್ಲ ಎನ್ನುತ್ತೀರಿ. ಎಲ್ಲವನ್ನೂ ಇಡಬೇಡಿ, ಗ್ಯಾರೇಜಿನ ಗತಿ ನನಗೆ ಗೊತ್ತು. ಮಗುವನ್ನು ಕೂರಿಸಿಕೊಂಡು ಎರಡೇ ಹಾಳೆ ಆರಿಸಲು ಹೇಳಿ. ನಿಮಗೆ ಚೆಂದ ಕಂಡದ್ದಲ್ಲ, ಅದಕ್ಕೆ ಬೇಕೆನಿಸಿದ್ದು. ಹಿಂದೆ ತಾರೀಖನ್ನು ಅದರ ಕೈಯಲ್ಲೇ ಕನ್ನಡ ಅಂಕಿಯಲ್ಲಿ ಬರೆಸಿ. ಇಡಲು ಡಬ್ಬಿ ಇಲ್ಲ ಎಂದು ಮಾತ್ರ ಯಾರೂ ಹೇಳಬೇಡಿ.

ಮಕ್ಕಳು ಫೋಟೋಗೆ ಕಾಯುತ್ತಿದ್ದಾರೆ, ಬಿಸಿಬೇಳೆಬಾತ್ ಆರುತ್ತಿದೆ.